ಹಿರಿಯರ ಹಬ್ಬಕ್ಕೆ ಎರಡು ಪಾತ್ರೆ

ಆ ವರ್ಷ ನಮ್ಮ ಮನೆಯಲ್ಲಿ ಇಡೀ ವಾರದ ಅಡುಗೆ ಭಾನುವಾರವೇ ತೀರ್ಮಾನವಾಗಿಬಿಡುತ್ತಿತ್ತು. ತೀರ್ಮಾನ ಮಾಡುತ್ತಿದ್ದವಳು ನಾನು. ಸೋಮವಾರ ಹುರುಳಿಕಾಳು ಬೇಯಿಸಿದರೆ ಅದರ ಕಟ್ಟಿನಲ್ಲಿ ಮಂಗಳವಾರದ ಸಾರು. ಬುಧವಾರ ಹೊಲದ ಬದುವಿನಲ್ಲಿ ಕಿತ್ತ ಸೊಪ್ಪು, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಗುರುವಾರ ಉಪ್ಸಾರು. ಅಕ್ಕಿ ರೇಷನ್ನಿನದು, ರಾಗಿ ಮನೆಯದು. ತರಕಾರಿಗೆ ರಾಬರ್ಟ್‌ಸನ್‌ಪೇಟೆಗೆ ಸಂಜೆ ಅಂಗಡಿ ಎತ್ತುವ ಹೊತ್ತಿಗೇ ಹೋಗುತ್ತಿದ್ದೆ. ಮಾರುವವರಿಗೆ ಬಸ್ಸಿನ ಚಿಂತೆ ಹತ್ತಿದರೆ ಟೊಮೆಟೊ ತಾನಾಗಿ ಅಗ್ಗವಾಗುತ್ತದೆ. ಬಂಗಾರಪೇಟೆಯಿಂದ ದಿನಾ ರೈಲು ಹಿಡಿದು ಬೆಂಗಳೂರಿನ ಗೋಡೌನಿಗೆ ಮೂಟೆ ಹೊರಲು ಹೋಗುವ ನನ್ನ ಗಂಡ ಸ್ಟೇಷನ್ನಿನ ಟೀ ಬಿಟ್ಟಿದ್ದೇನೆ ಎನ್ನುತ್ತಿದ್ದರು. ನಾನು ಶರ್ಟಿನ ಜೇಬು ತಡಕಿ ನೋಡಿಯೇ ನಂಬುತ್ತಿದ್ದೆ.

ಇಷ್ಟೆಲ್ಲ ಒಂದು ಚೈನಿಗಾಗಿ. ಬೇಸಿಗೆಯಲ್ಲಿ ನಮ್ಮತ್ತೆಗೆ ಹೊಟ್ಟೆಯ ಆಪರೇಷನ್ ಆಗಿತ್ತು. ನಾಳೆ ನಾಡಿದ್ದು ಅನ್ನುವ ಹಾಗಿರಲಿಲ್ಲ, ಕೈಯಲ್ಲಿ ಕಾಸಿರಲಿಲ್ಲ, ನನ್ನ ಒಡವೆಯೆಲ್ಲ ಹಿಂದೆಯೇ ಕರಗಿಹೋಗಿತ್ತು. ಆಸ್ಪತ್ರೆಗೆ ಓಡಿಬಂದ ನಾದಿನಿ ಕೊರಳಿನ ಚೈನು ಬಿಚ್ಚಿ ತನ್ನಣ್ಣನ ಕೈಗಿಟ್ಟಳು. ಅದು ಮದುವೆಯಲ್ಲಿ ಅವಳಿಗೆ ಉರಿಗಾಂನ ಗಂಡನ ಮನೆಯವರು ಹಾಕಿದ್ದು. ಅವತ್ತೇ ಅದು ಗಿರವಿ ಅಂಗಡಿ ಸೇರಿತು. ಅವಳ ಕೊರಳಿಗೆ ಅದೇ ಮಾದರಿಯ, ಬರೀ ಚಿನ್ನದ ನೀರು ಹಾಯಿಸಿದ ಒಂದು ಗ್ರಾಂ ಗೋಲ್ಡಿನ ಚೈನು ಬಂತು. ಅವಳ ಅತ್ತೆಗೆ ಈ ವಿಷಯ ಗೊತ್ತಿರಲಿಲ್ಲ. ನಮ್ಮತ್ತೆಗಂತೂ ಹೇಳಿಯೇ ಇರಲಿಲ್ಲ. ಮಗಳ ಕೊರಳಿನದು ಅಡವಿಟ್ಟಿದ್ದಾರೆ ಎಂದು ತಿಳಿದರೆ ಆಪರೇಷನ್ ಟೇಬಲ್ಲಿನಿಂದ ಎದ್ದು ನಡೆದುಬರುವ ಹೆಂಗಸು ಅವರು. ಎಲ್ಲ ಸರ್ಕಾರಿ ಕಾರ್ಡಿನಲ್ಲೇ ಆಯಿತು ಎಂದು ಹೇಳಿ ನಂಬಿಸಿದ್ದೆವು.

ಅಷ್ಟರಲ್ಲಿ ನಾದಿನಿಯ ಮೈದುನನಿಗೆ ಹೆಣ್ಣು ಗೊತ್ತಾಯಿತು. ಹೊಸ ಸೊಸೆಗೂ ಅಂಥದೇ ಚೈನು ಮಾಡಿಸಬೇಕು, ದಸರಾ ಕಳೆದ ಮೇಲೆ ನಿನ್ನದನ್ನು ಆಚಾರಿಗೆ ಮಾದರಿ ಕೊಡೋಣ ಎಂದು ಅವಳ ಅತ್ತೆ ಹೇಳಿದ್ದರಂತೆ. ನಾದಿನಿ ಅಷ್ಟು ಹೇಳಿ ಫೋನಿಟ್ಟಳು. ಅವಳು ಅತ್ತಿದ್ದರೂ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಅವತ್ತಿನಿಂದ ನಾನು ಒಗ್ಗರಣೆಗೆ ಎಣ್ಣೆಯನ್ನೂ ಅಳೆದು ಹಾಕತೊಡಗಿದೆ.

ಇದ್ಯಾವುದೂ ಗೊತ್ತಿಲ್ಲದ ನಮ್ಮತ್ತೆ ಬೀದಿಯವರ ಮುಂದೆ, "ನನ್ ಸೊಸೆ ಒಲೆ ಮ್ಯಾಲೆ ತಕ್ಕಡಿ ಮಡಗವ್ಳೆ ಕಣಮ್ಮಿ" ಎನ್ನುತ್ತಿದ್ದರು. ನಾನು ಬಾಯಿ ಬಿಡುವ ಹಾಗಿಲ್ಲ. ಬಾಯಿ ಮುಚ್ಚಿಕೊಂಡಿರುವುದು ನನ್ನ ಹುಟ್ಟುಗುಣವೂ ಅಲ್ಲ. ಹಾಗಾಗಿ ಆ ತಿಂಗಳುಗಳಲ್ಲಿ ನಮ್ಮ ಮನೆಯ ಪಾತ್ರೆಗಳೇ ಸ್ವಲ್ಪ ಜೋರಾಗಿ ಮಾತಾಡಿದವು.

ಆಗ ಪಿತೃಪಕ್ಷ ಬಂತು. ಮಾವ ತೀರಿಕೊಂಡ ಮೇಲೆ ಪ್ರತಿವರ್ಷ ಅವರಿಗೆ ಎಡೆ ಇಡುತ್ತೇವೆ. ಈ ಸಲ ಸಣ್ಣದಾಗಿ ಮುಗಿಸೋಣ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನೆಂಟರಿಗೆಲ್ಲ ಹೇಳಿಯಾಗಿತ್ತು. ಮಗಳನ್ನೂ ಬೀಗಿತ್ತಿಯನ್ನೂ ಕರೆದಿದ್ದರು. "ಸತ್ತು ಉಳ್ಕೊಂಡಿದ್ದೀನಿ, ಈ ವರ್ಸ ಅವ್ನಿಗೆ ಚೆಂದಾಗಿ ಇಕ್ಕಬೇಕು" ಎಂದರು. ಚೆಂದಾಗಿ ಎಂದರೆ ಕುರಿ ಮಾಂಸ. ನಮ್ಮಲ್ಲಿ ಹಿರಿಯರ ಎಡೆಗೆ ಇಡುವುದೂ ಬಂದವರು ಉಣ್ಣುವುದೂ ಒಂದೇ ಪಾತ್ರೆಯದಾಗಿರಬೇಕು. ಸತ್ತವರ ಜೊತೆ ಕೂತು ಉಂಡ ಹಾಗೆ ಅದು. ಅಷ್ಟು ಜನಕ್ಕೆ ಮಟನ್ ತಂದರೆ ದಸರಾದೊಳಗೆ ಚೈನು ಬಿಡಿಸುವ ಮಾತೇ ಇಲ್ಲ.

ನಾನು ಎಡೆಗೆ ಸಾಕಾಗುವಷ್ಟೇ ಮಟನ್ ತಂದೆ. ಉಳಿದವರಿಗೆಲ್ಲ ಫಾರಂ ಕೋಳಿ. ಎರಡಕ್ಕೂ ಒಂದೇ ಮಸಾಲೆ ಅರೆದೆ, ಬಣ್ಣದಲ್ಲಿ ಗೊತ್ತಾಗಬಾರದೆಂದು. ಅಷ್ಟು ಜಾಣತನ ಮಾಡಿದವಳಿಗೆ ಒಲೆಯ ಮೇಲಿನ ಎರಡು ಪಾತ್ರೆ ಎಲ್ಲರ ಕಣ್ಣಿಗೂ ಕಾಣುತ್ತದೆ ಎಂದು ಹೊಳೆಯಲಿಲ್ಲ. ಅತ್ತೆ ಅಡುಗೆಮನೆಗೆ ಬಂದರು, ಒಂದರ ಮುಚ್ಚಳ ತೆಗೆದು ನೋಡಿದರು, ಇನ್ನೊಂದರದು ತೆಗೆದು ನೋಡಿದರು, ನನ್ನ ಮುಖ ನೋಡಿದರು. ಮುಚ್ಚಳಗಳನ್ನು ಮತ್ತೆ ಮುಚ್ಚಿ ಹೊರಗೆ ಹೋದರು. ಬೈದಿದ್ದರೆ ನನಗೆ ನೆಮ್ಮದಿಯಾಗುತ್ತಿತ್ತು.

ಎಡೆ ಬಡಿಸಿ, ಕೆಂಡಕ್ಕೆ ಸಾಂಬ್ರಾಣಿ ಹಾಕಿ, ಬಾಗಿಲು ಎಳೆದುಕೊಂಡು ಎಲ್ಲರೂ ಅಂಗಳಕ್ಕೆ ಬಂದೆವು. ಒಳಗೆ ಹಿರಿಯರು ಬಂದು ಉಣ್ಣುವ ಹೊತ್ತು ಅದು. ಹೊರಗಿನವರು ಸದ್ದು ಮಾಡಬಾರದು, ಸುಮ್ಮನೆ ನಿಂತಿರಬೇಕು. ಸುಮ್ಮನೆ ನಿಂತವರು ಏನು ಮಾಡುತ್ತಾರೆ? ಒಬ್ಬರನ್ನೊಬ್ಬರು ನೋಡುತ್ತಾರೆ.

ಬಿಸಿಲು ಸುರಿಯುತ್ತಿತ್ತು. ಬೆಳಗಿನಿಂದ ಒಲೆಯ ಮುಂದೆ ಬೆವರಿದ್ದ ನಾದಿನಿಯ ಕೊರಳ ಸುತ್ತ ಚೈನು ತಾಗಿದ ಕಡೆಯಲ್ಲೆಲ್ಲ ಕಪ್ಪು ಗೆರೆ ಮೂಡಿತ್ತು. ನಾನು ನೋಡಿದೆ. ಅವಳು ಸೆರಗು ಎಳೆದುಕೊಳ್ಳುವಷ್ಟರಲ್ಲಿ ಪಕ್ಕದಲ್ಲಿದ್ದ ಅವಳ ಅತ್ತೆಯೂ ನೋಡಿದರು.

"ಏನಮ್ಮಾ ಕತ್ತೆಲ್ಲ ಕರ್ರಗಾಗೈತೆ? ಇಂಗೆ ವಾಮ್ಮಾ, ಇತ್ಲಾಗ್ ಬಾ, ನೋಡಣ" ಎಂದು ಮೆಲ್ಲಗೆ ಹೇಳಿ ಕೈ ಚಾಚಿದರು.

ನನ್ನ ಗಂಡ ಚಪ್ಪಲಿಯ ಕಡೆ ನೋಡುತ್ತಾ ನಿಂತುಬಿಟ್ಟರು. ಆಗ ನಮ್ಮತ್ತೆ ಇಡೀ ಬೀದಿಗೆ ಕೇಳುವ ಹಾಗೆ ಕೂಗಿದರು.

"ಯಾಕಮ್ಮಿ ಎಲ್ಡು ಪಾತ್ರೆ ಮಾಡ್ದೆ? ಸತ್ತೋನ್ಗೊಂದು, ಬದುಕಿರೋರ್ಗೊಂದಾ? ನಮ್ಮೋರ್ನ ಕರ್ದು ಫಾರಂ ಕೋಳಿ ಇಕ್ತೀಯಾ? ನಮ್ ಮನೆ ಮಾನ ಕಳೀಬೇಕು ಅಂತ್ಲೇ ಬಂದಿದ್ಯಾ?"

ಎಲ್ಲರೂ ಬೆಚ್ಚಿ ನನ್ನ ಕಡೆ ತಿರುಗಿದರು. ಬಾಗಿಲು ಇನ್ನೂ ಮುಚ್ಚಿಯೇ ಇತ್ತು. ಇಷ್ಟು ತಿಂಗಳು ಕಟ್ಟಿಟ್ಟಿದ್ದ ನನ್ನ ಬಾಯಿಯೂ ಬಿಚ್ಚಿಕೊಂಡಿತು.

"ಕಾಸು ನೀವ್ ಕೊಡಿ ಅತ್ತೆ, ಒಂದೇ ಪಾತ್ರೇಲಿ ಮಾಡ್ತೀನಿ!"

"ನನ್ ಮಗ ದುಡಿಯೋದೆಲ್ಲ ಎಲ್ಲಿಗೆ ಓಯ್ತದೆ, ಏಳು!"

ಬೀಗಿತ್ತಿ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದು ನಮ್ಮತ್ತೆಯ ಭುಜ ಹಿಡಿದರು. "ಬುಡಿ ಅಕ್ಕಾ, ಒಳಗೆ ಅವ್ರು ಉಣ್ತಾವ್ರೆ, ಸದ್ದು ಬ್ಯಾಡ" ಎಂದು ಬೇಡಿಕೊಂಡರು. ಅತ್ತೆ ನಿಲ್ಲಿಸಲಿಲ್ಲ. ನನ್ನ ತವರಿನವರೆಗೂ ಹೋಗಿಬಂದರು. ಅವಮಾನದಿಂದ ನನಗೆ ಕಣ್ಣು ಕತ್ತಲೆಯಾಯಿತು. ನಾದಿನಿ ಯಾವಾಗ ಕೊಟ್ಟಿಗೆಯ ಕಡೆ ಹೋಗಿ ಕೊರಳು ತೊಳೆದು, ಸೆರಗು ಹೊದ್ದು ಬಂದಳೋ ನನಗೆ ತಿಳಿಯಲಿಲ್ಲ. ಆಮೇಲೆ ಬಾಗಿಲು ತಟ್ಟಿ ಒಳಗೆ ಹೋದೆವು. ಎಲ್ಲರೂ ತಲೆ ತಗ್ಗಿಸಿ ಕೋಳಿ ಸಾರು ಉಂಡರು. ಕೊರಳಿನ ಮಾತನ್ನು ಯಾರೂ ಎತ್ತಲಿಲ್ಲ.

ನೆಂಟರೆಲ್ಲ ಬಸ್ಸು ಹತ್ತಿದ ಮೇಲೆ ನಾನು ಹಿತ್ತಿಲಲ್ಲಿ ಪಾತ್ರೆ ಉಜ್ಜುತ್ತಿದ್ದೆ. ಅತ್ತೆ ಬಂದು ಎದುರಿಗೆ ಕೂತರು.

"ಅವಳ್ ಚೈನು ಎಲ್ಲಿ ಮಡಗಿದ್ದೀರಾ?"

ನನ್ನ ಕೈ ನಿಂತಿತು.

"ಚಿನ್ನ ಎಲ್ಲಾದ್ರೂ ಕತ್ತಿಗೆ ಮಸಿ ಬಳೀತದಾ? ನಂಗೂ ಕಣ್ಣವೆ. ಏಳು."

ಹೇಳಿದೆ. ಆಪರೇಷನ್ನು, ಅಂಗಡಿ, ಆಚಾರಿ, ಎಲ್ಲವನ್ನೂ ಹೇಳಿದೆ. ಅವರು ತಮ್ಮ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೇಳಿದರು.

"ಹಾಗಾದ್ರೆ ನೀವು ಬೈದಿದ್ದೆಲ್ಲ ಸುಳ್ಳಾ ಅತ್ತೆ?"

"ಬೈದಿದ್ದೆಲ್ಲ ನಿಜ್ವೇ. ಬೈಯೋ ಒತ್ತು ಮಾತ್ರ ನೋಡ್ಕೊಂಡೆ" ಎಂದರು. ನನಗೆ ನಗುವೂ ಸಿಟ್ಟೂ ಒಟ್ಟಿಗೆ ಬಂತು. ಅವರು ನಗಲಿಲ್ಲ. "ಆದ್ರೆ ಅವ್ನು ಅರ್ಧಕ್ಕೇ ಎದ್ದೋಗಿರ್ತಾನೆ ಕಣಮ್ಮಿ. ಬದುಕಿದ್ದಾಗ್ಲೂ ಜಗಳ ಅಂದ್ರೆ ತಟ್ಟೆ ಬುಟ್ಟು ಏಳೋನು. ವರ್ಸಕ್ಕೊಂದ್ ಊಟ. ಅದ್ನೂ ಕೆಡಿಸ್ದೆ" ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡರು. ನಾನು ಮಸಿ ಮೆತ್ತಿದ ಕೈಯಲ್ಲೇ ಅವರ ಮಂಡಿ ಹಿಡಿದು ಕೂತೆ.

ಆಮೇಲೆ ಅವರು ಬೀದಿಯಲ್ಲಿ ನನ್ನ ಬಗ್ಗೆ ಆಡಿಕೊಳ್ಳಲಿಲ್ಲ ಎಂದೇನಿಲ್ಲ, ಅದು ನಡೆದೇ ಇತ್ತು. ಆದರೆ ಊಟಕ್ಕೆ ಕೂತಾಗ ಮುದ್ದೆಯನ್ನು ಅರ್ಧ ಮುರಿದು ಮಗನ ತಟ್ಟೆಗೆ ಹಾಕುತ್ತಿದ್ದರು. "ಕೊಯ್ದ ಒಟ್ಟೆ, ತಡಿಯಲ್ಲ" ಎನ್ನುತ್ತಿದ್ದರು. ಆಪರೇಷನ್ ಆದವರಲ್ಲವೇ, ನಾನು ನಂಬಿದೆ. ನನ್ನ ತಲೆ ತುಂಬ ದಿನಗಳ ಲೆಕ್ಕವೇ ಇತ್ತು. ದಸರಾ ಆರಂಭವಾಯಿತು. ಕೂಡಿಟ್ಟ ದುಡ್ಡು ಸಾಲದೆಂದು ನನ್ನ ಗಂಡ ಭಾನುವಾರವೂ ಗೋಡೌನಿಗೆ ಹೋದರು. ಅಂಗಡಿಯವರು ಬಡ್ಡಿ ಸೇರಿಸಿ ಹೇಳಿದ ಮೊತ್ತ ಕೇಳಿ ಒಂದು ಸಲ ಬರಿಗೈಲಿ ವಾಪಸು ಬಂದೆವು. ಕೊನೆಗೆ ವಿಜಯದಶಮಿಯ ಮರುದಿನ ಚೈನು ಬಿಡಿಸಿ, ಉರಿಗಾಂ ಬಸ್‌ಸ್ಟಾಪಿನಲ್ಲೇ ನಾದಿನಿಯ ಕೊರಳಿಗೆ ಹಾಕಿ ಬಂದೆವು. ಅದೇ ವಾರ ಅದು ಆಚಾರಿಯ ಕೈ ಸೇರಿತು.

ಚೈನು ಬಿಡಿಸಿದ ಸಂಜೆ ಅತ್ತೆಗೆ ವಿಷಯ ಹೇಳಿ, ಎಂದಿನಂತೆ ಮುದ್ದೆ ಬಡಿಸಿದೆ. ಅವರು ಮುರಿಯಲಿಲ್ಲ. ಪೂರ್ತಿ ಉಂಡರು. ಆಮೇಲೆ ತಟ್ಟೆ ಮುಂದಕ್ಕೆ ಸರಿಸಿದರು.

"ಇನ್ನೊಂದು ಆಕು."

"ಹೊಟ್ಟೆ ತಡೆಯಲ್ಲ ಅಂತಿದ್ರಲ್ಲ ಅತ್ತೆ?"

"ಈಗ ತಡೀತದೆ. ಆಕು."

ಎಲ್ಲವನ್ನೂ ಅಳೆದು ಬಡಿಸುತ್ತಿದ್ದ ನಾನು, ಅಷ್ಟು ದಿನ ಅವರು ಹಸಿದೇ ಮಲಗಿದ್ದನ್ನು ಅಳೆದಿರಲಿಲ್ಲ. ಒಲೆಯ ಕಡೆ ತಿರುಗಿ ಅತ್ತುಬಿಟ್ಟೆ. ಅವರು ಹಿಂದಿನಿಂದ, "ಸಾರೂ ಬೇಕು ಕಣಮ್ಮಿ" ಎಂದರು.