ಬೆನ್ನೆಲುಬಿನ ನಡುವಿನ ಗಡಿ

ಕಳೆದ ತಿಂಗಳು ಇಂಡಿ ಪಟ್ಟಣದಲ್ಲಿ, ನಾನು ಪಾಠ ಮಾಡುವ ಕಾಲೇಜಿನ ಪ್ರಯೋಗಾಲಯದಲ್ಲಿ, ಕಾವಿಗಿಟ್ಟಿದ್ದ ಕೋಳಿಮೊಟ್ಟೆಯೊಂದನ್ನು ಒಡೆದೆ. ಬೆಚ್ಚಗಿನ ಹಸಿ ವಾಸನೆ ಮೂಗಿಗೆ ಬಡಿಯಿತು. ಮುದ್ದೇಬಿಹಾಳದಲ್ಲಿ ನನಗೆ ಜೀವಶಾಸ್ತ್ರ ಕಲಿಸಿದ ಅಕ್ಕೋರು ಕಣ್ಣೆದುರು ಬಂದರು...

ಅವರೂ ಹೀಗೇ ಮೊಟ್ಟೆ ಒಡೆದು, ಭ್ರೂಣವನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದ್ದರು. ಬೆನ್ನಿನ ಗೆರೆಯ ಎರಡೂ ಬದಿಗೆ ಸಣ್ಣ ಗಂಟುಗಳ ಸಾಲು.

"ಮೊದಲ ಇದು ಒಂದ ಪಟ್ಟಿ ಇರ್ತೈತಿ. ಯಾವ ಜೀವಕೋಶ ಈ ಕಡೆ, ಯಾವುದು ಆ ಕಡೆ ಅಂತ ಜೀನ್‌ಗಳು ಹೇಳ್ತಾವ. ಆಗ ಒಂದ ಗಂಟಿಗೂ ಮುಂದಿನ ಗಂಟಿಗೂ ನಡುವ ಗಡಿ ಬೀಳ್ತೈತಿ. ಮುಂದ ಇವುರಿಂದನ ಬೆನ್ನೆಲುಬು ಆಗ್ತಾವ."

"ಗಡಿ ಬೀಳಲಿಲ್ಲಂದ್ರ ಏನಾಗ್ತೈತ್ರಿ?" ಎಂದು ಕೇಳಿದೆ.

ಅವರು ಚಿಮಟ ಕೆಳಗಿಟ್ಟರು. "ಎರಡು ಎಲುಬು ಕೂಡಿಕೊಂಡ ಬೆಳೀತಾವ. ನನ್ನ ಮಗಳಿಗೆ ಹಂಗ ಆಗೇತಿ."

ಮಗಳು ಆಗಿನ್ನೂ ಶಾಲೆಗೆ ಸೇರಿರಲಿಲ್ಲ. ಬೆನ್ನು ಒಂದು ಕಡೆ ಬಾಗಿತ್ತು. ಬಸುರಿ ಸೊಸೆ ಗ್ರಹಣದ ದಿನ ಹೊರಗೆ ತಿರುಗಿದ್ದೇ ಕಾರಣವೆಂದು ಅತ್ತೆ ಓಣಿಯಲ್ಲೆಲ್ಲ ಹೇಳಿದ್ದರು. ಅಕ್ಕೋರು ಜಗಳವಾಡಲಿಲ್ಲ. ಒಂದು ದಿನ ಅತ್ತೆಯನ್ನೇ ಪ್ರಯೋಗಾಲಯಕ್ಕೆ ಕರೆತಂದು, ನಮಗೆ ಹೇಳಿದ್ದನ್ನೆಲ್ಲ ಅವರಿಗೂ ಹೇಳಿದರು. ಮುದುಕಿ ಒಂದು ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ನೋಡಿದರು.

"ಹಂಗಾರ ತಪ್ಪು ಯಾರದು?"

"ಯಾರದೂ ಅಲ್ರಿ ಅತ್ತಿ."

"ಯಾರದೂ ಅಲ್ಲಂದ್ರ ನಾ ಯಾರ ಮ್ಯಾಲೆ ಸಿಟ್ಟಾಗ್ಲಿ?" ಎಂದ ಮುದುಕಿ ಅಲ್ಲೇ ಸ್ಟೂಲಿನ ಮೇಲೆ ಕುಳಿತು ಅತ್ತರು. ಆಮೇಲೆ ಅವರ ಬಾಯಲ್ಲಿ ಗ್ರಹಣದ ಮಾತು ಬರಲಿಲ್ಲ.

ಓದು ಮುಗಿಸಿ ಊರು ಬಿಡುವಾಗ ಅಕ್ಕೋರ ಮನೆಗೆ ಹೋಗಿದ್ದೆ. ಚಹಾ ಸೋಸುತ್ತ ಮೆಲ್ಲಗೆ ಹೇಳಿದರು, "ಅತ್ತಿ ನಂಬಿದ್ರು. ನನಗ ನಂಬಾಕ ಆಗವಲ್ದು. ಬಸುರಿ ಅಂತ ಗೊತ್ತಾಗೂಕಿಂತ ಮೊದಲ ಜ್ವರಕ್ಕ ಗುಳಿಗಿ ತಗೊಂಡಿದ್ದೆ..."

"ಡಾಕ್ಟರ್ ಏನಂತಾರ್ರಿ?"

"ಅದರಿಂದಲ್ಲ ಅಂತಾರ." ಅಷ್ಟು ಹೇಳಿ ಲೋಟ ಮುಂದೆ ಸರಿಸಿದರು.

ಆಮೇಲೆ ನೌಕರಿ, ಸಂಸಾರ, ಒಂದೂರಿಂದ ಇನ್ನೊಂದೂರಿಗೆ ವರ್ಗಾವಣೆ... ಅವರನ್ನು ಮತ್ತೆ ನೋಡಲೇ ಇಲ್ಲ. ಮೊಟ್ಟೆ ಒಡೆದ ಆ ವಾರವೇ ಮುದ್ದೇಬಿಹಾಳದ ಬಸ್ಸು ಹತ್ತಿದೆ. ಬಾಗಿಲು ತೆಗೆದವಳು ಮಗಳು. ಈಗ ಅವಳು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ. ಅಕ್ಕೋರು ಹೋದ ಚಳಿಗಾಲದಲ್ಲೇ ತೀರಿಕೊಂಡಿದ್ದರು.

"ಕಡೀತನಕ ನನ್ನ ಬೆನ್ನಿಗೆ ಎಣ್ಣಿ ಹಚ್ಚತಿದ್ಲು," ಎಂದಳು. "ನೋವೈತೇನು ಅಂತ ಕೇಳಾಕಿ. ನನಗೇನೂ ನೋವಿರಲಿಲ್ರಿ. ಬ್ಯಾಡಂದ್ರ ಅಕಿಗೇ ತಡಕೊಳ್ಳಾಕ ಆಗ್ತಿರಲಿಲ್ಲ, ಅದಕ್ಕ ಸುಮ್ನ ಹಚ್ಚಿಸ್ಕೋತಿದ್ದೆ."

ನಾನು ಈಗ ಅದೇ ಪಾಠ ಮಾಡುತ್ತೇನೆ, ನಿಮ್ಮಿಂದ ಏನೂ ತಪ್ಪಾಗಿಲ್ಲ ಎಂದು ಅಕ್ಕೋರಿಗೆ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಅದನ್ನು ಮಗಳಿಗೇ ಹೇಳಿದೆ.

"ಇದನ್ನ ಅವ್ವಗ ಹೇಳಬೇಕಿತ್ರಿ ನೀವು," ಎಂದಳು.