ಸುವಾರ್ತಮ್ಮನ ಮಣ್ಣು

ತುರ್ವಿಹಾಳದ ಅಮರಮ್ಮ ಹರೆಯದಲ್ಲಿ ಭತ್ತದ ನಾಟಿಗೆ ಹೋಗುತ್ತಿದ್ದ ಕಾಲ. ಹೊಲದೊಡೆಯರ ಮನೆಯಲ್ಲಿ ಅವಳ ಕೇರಿಯವರಿಗೆ ಕುಡಿಯುವ ನೀರನ್ನು ಮೇಲಿನಿಂದ ಬೊಗಸೆಗೆ ಸುರಿಯುತ್ತಿದ್ದರು. ಆಂಧ್ರದಿಂದ ಬಂದು ಕಾಲುವೆ ಪಕ್ಕದ ಕ್ಯಾಂಪಿನಲ್ಲಿ ನೆಲೆಸಿದ್ದ ಕ್ರೈಸ್ತ ಹೆಂಗಸು ಸುವಾರ್ತಮ್ಮ ಒಂದು ಮಧ್ಯಾಹ್ನ ಅವಳನ್ನು ಮನೆಯೊಳಗೆ ಕರೆದು, ಪಕ್ಕದಲ್ಲೇ ಕೂರಿಸಿಕೊಂಡು ಅನ್ನ, ಪುಂಡಿಪಲ್ಯ ಬಡಿಸಿದಳು. ಉಣ್ಣುವ ಮುಂಚೆ ಕಣ್ಣು ಮುಚ್ಚಿ ತೆಲುಗಿನಲ್ಲಿ ಏನೋ ಹೇಳಿಕೊಂಡಳು.

"ಏನ್ ಬೇಡ್ಕೊಂಡ್ರಿ?"

"ನಿನ್ ಹೆಸರು ಹೇಳೀನಿ."

ತನ್ನ ಹೆಸರನ್ನು ಇನ್ನೊಬ್ಬರು ದೇವರ ಮುಂದೆ ಹೇಳಿದ್ದು ಅಮರಮ್ಮನಿಗೆ ಅದೇ ಮೊದಲು.

ಮುಂದೆ ಅಮರಮ್ಮನ ಮನೆಯವರು ಬೌದ್ಧರಾದರು. ಮಗ ಮಲ್ಲೇಶನಿಗೆ ಪರಿಶಿಷ್ಟ ಜಾತಿಯ ಮೀಸಲಾತಿಯಲ್ಲಿ ಸಿಂಧನೂರಿನಲ್ಲಿ ಸರ್ಕಾರಿ ನೌಕರಿ ಸಿಕ್ಕಿತು; ಅವನಿಗೆ ಮಗಳು ದೀಪಾ ಹುಟ್ಟಿದಳು. ಅಮರಮ್ಮ, ಸುವಾರ್ತಮ್ಮ ಒಬ್ಬರ ಮನೆಗೊಬ್ಬರು ಹೋಗಿಬರುವುದು ಮಾತ್ರ ನಿಲ್ಲಲಿಲ್ಲ.

ಕಳೆದ ವರ್ಷ ಸುವಾರ್ತಮ್ಮ ಆಸ್ಪತ್ರೆಯಲ್ಲಿ ತೀರಿಕೊಂಡಳು. ಆಗ ಕ್ಯಾಂಪು ಬಿಟ್ಟು ಮಗಳು ಸಲೋಮಿಯೊಂದಿಗೆ ಅವಳಿದ್ದದ್ದು ಅಮರಮ್ಮನ ಓಣಿಯಲ್ಲೇ, ಬಾಡಿಗೆ ಮನೆಯಲ್ಲಿ. ಹೆಣ ಒಳಗೆ ತರಕೂಡದೆಂದು ಮಾಲೀಕ ಬಾಗಿಲಿಗೆ ಅಡ್ಡ ನಿಂತ. ಆಂಬುಲೆನ್ಸ್ ಬೀದಿಯಲ್ಲೇ ನಿಂತಿತು. ಸಲೋಮಿ ಅದರ ಹಿಂದೆ ದಿಕ್ಕು ತೋಚದೆ ನಿಂತಿದ್ದಳು.

"ನಮ್ಮನಿಗೆ ತರ್ರಿ," ಎಂದಳು ಅಮರಮ್ಮ.

ಮಲ್ಲೇಶ ಓಡಿ ಬಂದ. "ಯವ್ವಾ, ನಾಳೆ ದೀಪಾನ ನೋಡಾಕ ಮಸ್ಕಿಯಿಂದ ಬೀಗರು ಬರಾಕತ್ತಾರ. ನಮ್ಮನಿಯವ್ರು ಕಿರಿಸ್ತಾನ್ರಾಗ್ಯಾರಂತ ಯಾರರ ಅರ್ಜಿ ಹಾಕಿದ್ರ ಜಾತಿ ಸರ್ಟಿಫಿಕೇಟ್ ಹೋಗ್ತದ, ನನ್ನ ನೌಕರಿ ಉಳಿತದೇನು?"

"ಹಂಗಾದ್ರ ಆಕಿನ್ನ ಎಲ್ಲಿ ಮಲಗಸ್ಲಿ, ನೀನ ಹೇಳು."

ಬುದ್ಧನ ಪಟವಿದ್ದ ಪಡಸಾಲೆಯಲ್ಲಿ ಸುವಾರ್ತಮ್ಮನನ್ನು ಮಲಗಿಸಿದರು. ಕ್ಯಾಂಪಿನವರು ಬಂದು ತೆಲುಗಿನಲ್ಲಿ ಹಾಡಿದರು. ಮರುದಿನ ಅಲ್ಲಿಂದಲೇ ಒಯ್ದು ಮಣ್ಣು ಮಾಡಿದರು.

ಬೀಗರು ಬರಲಿಲ್ಲ. ಆಮೇಲೆ ಫೋನೂ ಎತ್ತಲಿಲ್ಲ.

"ಅಜ್ಜಿ, ನನ್ನ ನೆನಪು ಒಮ್ಮಿನೂ ಬರ್ಲಿಲ್ಲೇನು?" ಎಂದು ದೀಪಾ ಕೇಳಿದಳು. ಬಂದಿತ್ತು. ಬಂದರೂ ಅಮರಮ್ಮ ಹಾಗೆ ಮಾಡಿದ್ದಳು.

ಮಾಲೀಕ ಸಲೋಮಿಯಿಂದ ಮನೆ ಬಿಡಿಸಿದಾಗ ಅಮರಮ್ಮ ಅವಳಿಗೆ ಬದಿಯ ಕೋಣೆ ಕೊಟ್ಟಳು. ಸಲೋಮಿಯ ಬಾಡಿಗೆ ಮನೆಯಲ್ಲಿ ನಡೆಯುತ್ತಿದ್ದ ಕ್ಯಾಂಪಿನವರ ಭಾನುವಾರದ ಪ್ರಾರ್ಥನೆಯೂ ಪಡಸಾಲೆಗೆ ಬಂತು. ಅಮರಮ್ಮ ಗೋಡೆಗೆ ಒರಗಿ ಕೂತು ಕೇಳುತ್ತಿದ್ದಳು. ಕ್ರೈಸ್ತಳಾಗಲು ದೀಕ್ಷಾಸ್ನಾನ ತೆಗೆದುಕೊಳ್ಳಲಿಲ್ಲ, ತೆಗೆದುಕೋ ಎಂದು ಅವರೂ ಕೇಳಲಿಲ್ಲ.

ಮಲ್ಲೇಶ ಹೆದರಿದ್ದು ಸುಳ್ಳಾಗಲಿಲ್ಲ. ಯಾರೋ ದೂರು ಕೊಟ್ಟರು. ಕಚೇರಿಯಲ್ಲಿ ಸಾಹೇಬರು ಅವನನ್ನು ಕರೆದು ವಿಚಾರಿಸಿದರು. ಅಂದು ಅವನು ತಟ್ಟೆಯ ಮುಂದೆ ಕೂತು ಉಣ್ಣದೆ ಎದ್ದ.

"ಪ್ರಾರ್ಥನಿ ಬ್ಯಾರೆ ಕಡಿ ಮಾಡ್ಕೊಳ್ಳಾಕ ಹೇಳು, ಯವ್ವಾ. ನಿನ್ನ ಕಾಲ್ ಬೀಳ್ತೀನಿ."

"ನಿನ್ನ ಅಂಜಿಕಿ ನನಗ ತಿಳಿತದಪ್ಪ. ಆದ್ರ ಬಂದೋರಿಗೆ ಹೊರಗ ನಿಂದ್ರಿ ಅನ್ನಾಕ ನನ್ನಿಂದ ಆಗೂದಿಲ್ಲ."

ಅಂದಿನಿಂದ ಮಲ್ಲೇಶ ತಾಯಿಯೊಂದಿಗೆ ಮಾತು ಬಿಟ್ಟ. ಭಾನುವಾರ ಬೆಳಗಾದರೆ ಬೈಕು ಹತ್ತಿ ಹೊರಟುಬಿಡುತ್ತಿದ್ದ.

ಒಂದು ಭಾನುವಾರ ಹಾಡು ಮುಗಿಯುವ ಹೊತ್ತಿಗೆ ದೀಪಾ ಅಡಿಗೆಮನೆಯಿಂದ ಎಲ್ಲರಿಗೂ ಚಹಾ ತಂದಳು. ಸಲೋಮಿಯ ಕೈಗೆ ಲೋಟ ಕೊಟ್ಟಳು. ಅಜ್ಜಿಯದನ್ನು ಮುಖ ನೋಡದೆ ನೆಲದ ಮೇಲಿಟ್ಟು ಒಳಗೆ ಹೋದಳು. ಅಮರಮ್ಮ ಅದನ್ನು ಎತ್ತಿಕೊಂಡು ಕುಡಿದಳು. ಅವಳ ಕಿವಿ ಮಾತ್ರ ಮಗನ ಬೈಕಿನ ಸದ್ದಿಗಾಗಿ ಓಣಿಯ ಕಡೆಗೇ ಇತ್ತು.