ಮಾಸ್ತರರ ಗುಳಿಗೆ

ಧಾರವಾಡದಲ್ಲಿ ನಮ್ಮ ಪಕ್ಕದ ಮನೆಯ ತಬಲಾ ಮಾಸ್ತರರು ಅಫೀಮಿನ ಗುಳಿಗೆ ನುಂಗದೆ ತಬಲಾ ಮುಟ್ಟುತ್ತಿರಲಿಲ್ಲ. ಹೊಗಳಿದಾಗಲೆಲ್ಲ, “ನಾ ಅಲ್ರಿ, ಗುಳಿಗಿ ಬಾರಸ್ತದ,” ಎನ್ನುತ್ತಿದ್ದರು. ಅಂಥ ಬೆರಳುಗಳಿದ್ದೂ ಇಂಥ ಮಾತೇ ಎಂದು ನನಗೆ ಸಿಟ್ಟು ಬರುತ್ತಿತ್ತು. ಪರವಾನಗಿ ಅಂಗಡಿಯ ಅಫೀಮು ತರಿಸಿ ಗುಳಿಗೆ ಕಟ್ಟುವುದು ಹೆಂಡತಿಯ ಕೆಲಸ. ಇವರು ಕಣ್ಣು ಮುಚ್ಚಿ ಹಾಲಿನೊಂದಿಗೆ ಗಟಕ್ಕನೆ ನುಂಗುತ್ತಿದ್ದರು.

ಒಂದು ಬೆಳಗ್ಗೆ ನಾನು ಹೋದಾಗ ಗುಳಿಗೆಯ ಡಬ್ಬಿಗೆ ಇರುವೆ ಮುತ್ತಿದ್ದವು.

“ಇಷ್ಟು ಕಹಿ ಅದ, ಇರಿವಿ ಯಾಕ ಬಂದ್ವು?” ಎಂದರು ಮಾಸ್ತರರು.

“ದಿನಾ ಚೂರು ಚೂರು ಅಫೀಮು ಕಡಿಮಿ ಮಾಡಿ ಬೆಲ್ಲ ಕೂಡಿಸ್ಕೋತ ಬಂದೇನ್ರಿ,” ಎಂದರು ಹೆಂಡತಿ, ಒಲೆಯಿಂದ ಮುಖ ಎತ್ತದೆ. “ತಿಂಗಳಾತು, ಈಗ ಬರೇ ಬೆಲ್ಲ.”

ಮಾಸ್ತರರು ತಮ್ಮ ಬೆರಳುಗಳನ್ನೇ ನೋಡುತ್ತ ಕೂತರು. ಆಮೇಲೆ ಮುಖವರಳಿಸಿ ನನ್ನತ್ತ ತಿರುಗಿದರು.

“ಹಂಗಾದ್ರ ನಿನ್ನಿ ಬೈಠಕಿನ್ಯಾಗ ಬಾರಿಸಿದಾಂವ ನಾನ ಏನ್ರಿ?”